ಜ್ವಾಲೆಗೆ ‘ದೆಬಾ’ ಎಂದ ಪಾದ್ರಿ: ಜ್ಞಾನ ರಿಪೇರಿಗೆ ಹುಟ್ಟಿದ ಒಂದು ಭಾಷೆಯ ಪ್ರಕರಣ

1666ರ ಸೆಪ್ಟೆಂಬರ್ ಮೊದಲ ವಾರ ಲಂಡನ್ ಹೊತ್ತಿ ಉರಿಯಿತು. ಪುಡಿಂಗ್ ಲೇನ್ ಎಂಬ ಬೀದಿಯ ಬೇಕರಿಯೊಂದರಲ್ಲಿ ಹತ್ತಿಕೊಂಡ ಕಿಡಿ ನಾಲ್ಕು ದಿನ ಊರನ್ನು ತಿಂದಿತು. ಸುಟ್ಟುಹೋದದ್ದರಲ್ಲಿ ಸೇಂಟ್ ಲಾರೆನ್ಸ್ ಜ್ಯೂರಿ ಎಂಬ ಚರ್ಚೂ ಇತ್ತು, ಅದರ ಪಾದ್ರಿ ಜಾನ್ ವಿಲ್ಕಿನ್ಸ್‌ನ ಮನೆಯೂ ಇತ್ತು, ಅವನ ಪುಸ್ತಕವೂ ಇತ್ತು. ಪುಸ್ತಕದ ಒಂದು ಭಾಗ ಆಗಲೇ ಅಚ್ಚಾಗಿತ್ತು. ಅದರಲ್ಲಿ ಎರಡು ಪ್ರತಿ ಉಳಿದವು. ಅಚ್ಚಾಗದೆ ಉಳಿದಿದ್ದ ಹಸ್ತಪ್ರತಿಯಲ್ಲೂ ದೊಡ್ಡ ಪಾಲು ಬೂದಿಯಾಯಿತು.

ಆ ಪುಸ್ತಕದಲ್ಲಿ ಬೆಂಕಿಗೆ ಒಂದು ಹೊಸ ಹೆಸರಿತ್ತು: ‘ದೆಬ್’. ಜ್ವಾಲೆಗೆ ‘ದೆಬಾ’. ಇವು ಅಡ್ಡಹೆಸರುಗಳಲ್ಲ, ಗುಪ್ತಭಾಷೆಯೂ ಅಲ್ಲ. ಲೋಕದ ವಸ್ತು, ಗುಣ, ಕ್ರಿಯೆ, ಸಂಬಂಧಗಳನ್ನೆಲ್ಲ ಹೊಸದಾಗಿ ವಿಂಗಡಿಸಿ, ಆ ವಿಂಗಡಣೆಯಿಂದಲೇ ಪದಗಳನ್ನು ಹುಟ್ಟಿಸಿದರೆ ಮನುಷ್ಯನ ತಿಳಿವಳಿಕೆಯೇ ಸರಿದಾರಿಗೆ ಬರುತ್ತದೆ ಎಂದು ನಂಬಿದ್ದವನೊಬ್ಬನ ಶ್ರಮ ಅದು. ವಿಲ್ಕಿನ್ಸ್ ಮತ್ತೆ ಕೂತು ಬರೆದ. 1668ರ ಏಪ್ರಿಲ್ 13ರಂದು ವಿಜ್ಞಾನಾಸಕ್ತರ ಸಂಘವಾದ ರಾಯಲ್ ಸೊಸೈಟಿಯ ಮಂಡಳಿ ಅದನ್ನು ಅಚ್ಚು ಹಾಕಲು ಅಪ್ಪಣೆ ಕೊಟ್ಟಿತು. ಹೊರಬಂದದ್ದು 454 ಪುಟಗಳ ಹೆಬ್ಬೊತ್ತಿಗೆ, ಅದರ ಬೆನ್ನಿಗೊಂದು ನಿಘಂಟು. ವಸ್ತುಲಿಪಿ ಮತ್ತು ತಾತ್ವಿಕ ಭಾಷೆಯ ಕಡೆಗೊಂದು ಪ್ರಬಂಧ ಎಂದು ಅದರ ಹೆಸರನ್ನು ಕನ್ನಡಿಸಬಹುದು.

ಹದಿನೇಳನೆಯ ಶತಮಾನದ ಯೂರೋಪಿನಲ್ಲಿ ಜ್ಞಾನವನ್ನು ಬುಡದಿಂದ ಕಟ್ಟಲು ಹೊರಟವರ ಕತೆ ಹೇಳುವಾಗ ಬೇಕನ್, ಡೇಕಾರ್ಟ್, ನ್ಯೂಟನ್ ಎಂದು ಗೆದ್ದವರ ಹೆಸರೇ ಮುಂದೆ ಬರುತ್ತವೆ. ನಾನು ಸೋತವನನ್ನು ಆರಿಸಿಕೊಂಡಿದ್ದೇನೆ. ಕೆಟ್ಟು ನಿಂತ ಗಡಿಯಾರವನ್ನೇ ಅಲ್ಲವೇ ನಾವು ಬಿಚ್ಚಿ ನೋಡುವುದು.

ಸಂತೆಯ ವಿಗ್ರಹಗಳು

ಭಾಷೆಯ ಮೇಲಿನ ದೂರು ಶುರುವಾದದ್ದು ಇಂಗ್ಲೆಂಡಿನ ತತ್ವಜ್ಞಾನಿ ಫ್ರಾನ್ಸಿಸ್ ಬೇಕನ್‌ನಿಂದ. 1620ರಲ್ಲಿ ಪ್ರಕಟವಾದ ‘ನೋವಮ್ ಆರ್ಗನಮ್’ನಲ್ಲಿ ಅವನು ಮನುಷ್ಯನ ಬುದ್ಧಿಯೊಳಗೆ ಕೂತ ನಾಲ್ಕು ಬಗೆಯ ವಿಗ್ರಹಗಳನ್ನು, ಅಂದರೆ ಭ್ರಮೆಗಳನ್ನು, ಹೆಸರಿಸಿದ. ಅವುಗಳಲ್ಲಿ ಅತಿ ಕಾಟದವು ಸಂತೆಯ ವಿಗ್ರಹಗಳು, ಅಂದರೆ ಮಾತುಗಳು. ಸಂತೆಯಲ್ಲಿ ಜನ ವ್ಯವಹಾರಕ್ಕೆ ಬೇಕಾದಷ್ಟು ಒರಟಾಗಿ ಪದಗಳನ್ನು ಕಟ್ಟಿಕೊಳ್ಳುತ್ತಾರೆ. ಆಮೇಲೆ ಪಂಡಿತರು ಅದೇ ಪದಗಳಿಂದ ಪ್ರಕೃತಿಯನ್ನು ಅಳೆಯಲು ಹೋಗಿ ಪದಗಳ ಮೇಲೆಯೇ ಜಗಳಕ್ಕೆ ನಿಲ್ಲುತ್ತಾರೆ. ‘ತೇವ’ ಎಂಬ ಒಂದೇ ಪದದೊಳಗೆ ಒಂದಕ್ಕೊಂದು ಹೊಂದದ ಎಷ್ಟು ಅರ್ಥಗಳಿವೆ ಎಂದು ಬೇಕನ್ ಎಣಿಸಿ ತೋರಿಸುತ್ತಾನೆ.

ಅದಕ್ಕೂ ಮೊದಲು, 1605ರಲ್ಲೇ, ಅವನು ಚೀನೀ ಲಿಪಿಯ ಬಗ್ಗೆ ಒಂದು ಮಾತು ಬರೆದಿದ್ದ. ಅಲ್ಲಿ ಬೇರೆಬೇರೆ ನುಡಿಯಾಡುವವರು ಪರಸ್ಪರರ ಮಾತು ತಿಳಿಯದಿದ್ದರೂ ಬರೆದದ್ದನ್ನು ಓದಿಕೊಳ್ಳುತ್ತಾರಂತೆ, ಏಕೆಂದರೆ ಆ ಚಿಹ್ನೆಗಳು ಅಕ್ಷರಗಳನ್ನಲ್ಲ, ವಸ್ತುಗಳನ್ನೇ ತೋರಿಸುತ್ತವೆ. ಚೀನೀ ಲಿಪಿಯ ಬಗ್ಗೆ ಇದು ಅರ್ಧ ಸತ್ಯ. ಆದರೆ ಆ ಅರ್ಧ ಸತ್ಯ ಇಂಗ್ಲೆಂಡಿನ ಎರಡು ತಲೆಮಾರಿನವರ ನಿದ್ದೆ ಕೆಡಿಸಿತು.

ಇದಕ್ಕೆ ಕಾಲದ ಒತ್ತಡವೂ ಸೇರಿತು. ವಿದ್ವಾಂಸರ ಸಮಾನ ಭಾಷೆಯಾಗಿದ್ದ ಲ್ಯಾಟಿನ್ ಹಿಡಿತ ಕಳೆದುಕೊಳ್ಳುತ್ತಿತ್ತು. 1642ರಲ್ಲಿ ಶುರುವಾದ ಅಂತರ್ಯುದ್ಧದಲ್ಲಿ ಇಂಗ್ಲಿಷರು ರಾಜನ ತಲೆಯನ್ನೇ ಕಡಿದಿದ್ದರು. ಬೈಬಲಿನ ಒಂದೊಂದು ಪದಕ್ಕೂ ಒಂದೊಂದು ಪಂಗಡ ಎದ್ದಿತ್ತು. ಭಾಷೆ ಸ್ವಚ್ಛವಾದರೆ, ದೊಡ್ಡ ಮಾತಿನ ವೇಷ ಹಾಕಿಕೊಂಡು ಅಡಗಿರುವ ಮತೀಯ ತಪ್ಪುಗಳು ಬಯಲಾಗುತ್ತವೆ ಎಂದು ವಿಲ್ಕಿನ್ಸ್ ಪುಸ್ತಕದ ಅರ್ಪಣೆಯಲ್ಲೇ ಹೇಳಿಕೊಂಡಿದ್ದಾನೆ. ಅವನ ಬದುಕನ್ನು ನೋಡಿದರೆ ಈ ಆಸೆಯ ಬೇರು ಕಾಣುತ್ತದೆ. ಆಕ್ಸ್‌ಫರ್ಡಿನ ವ್ಯಾಡಮ್ ಕಾಲೇಜಿನ ಮುಖ್ಯಸ್ಥನಾಗಿ ರಾಜನ ಪಕ್ಷ, ಪಾರ್ಲಿಮೆಂಟಿನ ಪಕ್ಷ ಎರಡರ ಹುಡುಗರನ್ನೂ ಒಂದೇ ಸೂರಿನಡಿ ಕೂರಿಸಿದವನು. ರಾಜನ ವಿರೋಧಿಗಳ ನಾಯಕ ಕ್ರಾಮ್‌ವೆಲ್‌ನ ತಂಗಿಯನ್ನು ಮದುವೆಯಾದವನು. ಹಾಗಿದ್ದೂ ರಾಜ ಮರಳಿ ಬಂದ ಮೇಲೆ, 1668ರಲ್ಲಿ, ಚೆಸ್ಟರಿನ ಬಿಷಪ್ ಆದವನು. 1660ರ ನವೆಂಬರ್ 28ರಂದು ಗ್ರೆಷಾಮ್ ಕಾಲೇಜಿನಲ್ಲಿ ಹನ್ನೆರಡು ಮಂದಿ ಸೇರಿ ರಾಯಲ್ ಸೊಸೈಟಿಗೆ ಅಡಿಪಾಯ ಹಾಕಿದಾಗ ಅಧ್ಯಕ್ಷತೆ ವಹಿಸಿದ್ದೂ ಅವನೇ. ಎಲ್ಲರಿಗೂ ಬೇಕಾದವನು. ಎಲ್ಲರಿಗೂ ಬೇಕಾದ ಭಾಷೆಯೊಂದನ್ನು ಇಂಥವನಲ್ಲದೆ ಇನ್ಯಾರು ಕನಸಬೇಕು.

ಪದ ತಯಾರಾಗುವ ಬಗೆ

ಯಂತ್ರ ಹೀಗೆ ಕೆಲಸ ಮಾಡುತ್ತದೆ. ಇರುವುದನ್ನೆಲ್ಲ, ಅಂದರೆ ದೇವರು, ಧಾತು, ಕಲ್ಲು, ಲೋಹ, ಗಿಡ, ಮೀನು, ಹಕ್ಕಿ, ಮೃಗ, ಪರಿಮಾಣ, ಗುಣ, ಚಲನೆ, ನಂಟಸ್ತಿಕೆ, ಆಸ್ತಿ, ಕೋರ್ಟು, ಯುದ್ಧ, ಹಡಗು, ಚರ್ಚು ಎಲ್ಲವನ್ನೂ 40 ಕುಲಗಳಿಗೆ ಹಂಚಬೇಕು. ಪ್ರತಿ ಕುಲಕ್ಕೆ ಒಂದು ವ್ಯಂಜನ, ಒಂದು ಸ್ವರ. ಕುಲದೊಳಗಿನ ಭೇದಗಳಿಗೆ ಒಂಬತ್ತು ವ್ಯಂಜನಗಳು, ಗೊತ್ತಾದ ಸರದಿಯಲ್ಲಿ. ಭೇದದೊಳಗಿನ ಬಗೆಗೆ ಮತ್ತೊಂದು ಸ್ವರ.

ಲೇಖಕನೇ ಕೊಡುವ ಉದಾಹರಣೆ: ‘ದೆ’ ಎಂದರೆ ಧಾತು. ‘ಬ್’ ಮೊದಲ ವ್ಯಂಜನ, ಹಾಗಾಗಿ ‘ದೆಬ್’ ಎಂದರೆ ಧಾತುಗಳ ಮೊದಲ ಭೇದ, ಬೆಂಕಿ. ಅದಕ್ಕೆ ಮೊದಲ ಸ್ವರ ಹಚ್ಚಿದರೆ ‘ದೆಬಾ’, ಬೆಂಕಿಯ ಮೊದಲ ಬಗೆ, ಜ್ವಾಲೆ. ‘ಟ್’ ಐದನೆಯ ವ್ಯಂಜನ. ‘ದೆಟ್’ ಎಂದರೆ ಆಕಾಶದಲ್ಲಿ ತೋರುವ ದೃಶ್ಯಗಳು. ‘ದೆಟಾ’ ಎಂದರೆ ಕಾಮನಬಿಲ್ಲು. ಬರೆಯುವಾಗ ಇನ್ನೂ ಚೆಂದ. ಕುಲಕ್ಕೊಂದು ಮೂಲಚಿಹ್ನೆ, ಅದರ ಎಡ ತುದಿಯಲ್ಲಿ ಭೇದ ಹೇಳುವ ಸಣ್ಣ ಗೀಟು, ಬಲ ತುದಿಯಲ್ಲಿ ಬಗೆ ಹೇಳುವ ಇನ್ನೊಂದು ಗೀಟು.

ಇದರ ಆಕರ್ಷಣೆಯನ್ನು ಹಗುರವಾಗಿ ಕಾಣಬಾರದು. ‘ಕಾಮನಬಿಲ್ಲು’ ಎಂದಾಗ ನಮಗೆ ಕಾಮನೂ ಸಿಗುತ್ತಾನೆ, ಬಿಲ್ಲೂ ಸಿಗುತ್ತದೆ, ಮಳೆಹನಿಯಲ್ಲಿ ಬೆಳಕು ಬಾಗುವ ಸುದ್ದಿ ಮಾತ್ರ ಸಿಗುವುದಿಲ್ಲ. ‘ದೆಟಾ’ ಹೇಳಿದವನಿಗೆ ಅದು ಯಾವ ಕುಲದ್ದು, ಯಾವ ಭೇದದ್ದು ಎಂಬುದು ಬಾಯಲ್ಲೇ ಇರುತ್ತದೆ. ಹೆಸರು ಕಲಿತರೆ ವಸ್ತುವಿನ ಸ್ವಭಾವವನ್ನೂ ಕಲಿತಂತೆ, ನಿಘಂಟು ಓದಿದರೆ ಲೋಕವನ್ನೇ ಓದಿದಂತೆ. ಮಗುವಿಗೆ ಮಾತು ಕಲಿಸುವುದೂ ವಿಜ್ಞಾನ ಕಲಿಸುವುದೂ ಒಂದೇ ಕೆಲಸವಾಗಿಬಿಡುತ್ತದೆ.

ಇದೇ ಹಾದಿಯಲ್ಲಿ ಅವನಿಗಿಂತ ಮೊದಲು ನಡೆದವನೊಬ್ಬನಿದ್ದ. ಸ್ಕಾಟ್ಲೆಂಡಿನಿಂದ ಆಕ್ಸ್‌ಫರ್ಡಿಗೆ ಬಂದು ಪಾಠ ಹೇಳಿ ಹೊಟ್ಟೆ ಹೊರೆಯುತ್ತಿದ್ದ ಜಾರ್ಜ್ ಡಾಲ್ಗಾರ್ನೊ. ಮೊದಮೊದಲು ಇಬ್ಬರೂ ಕೂಡಿಯೇ ಕೆಲಸ ಮಾಡಿದರು. ಕೆಲವೇ ಮೂಲಪದಗಳಿಟ್ಟುಕೊಂಡು ಉಳಿದದ್ದನ್ನು ಅವುಗಳ ಜೋಡಣೆಯಿಂದ ಹೇಳಬೇಕೆಂಬುದು ಡಾಲ್ಗಾರ್ನೊನ ಹಟ. ಇರುವುದಕ್ಕೆಲ್ಲ ಕೋಷ್ಟಕದಲ್ಲಿ ಒಂದೊಂದು ಮನೆ ಬೇಕೆಂಬುದು ವಿಲ್ಕಿನ್ಸ್‌ನ ಹಟ. ದಾರಿ ಬೇರೆಯಾಯಿತು. 1661ರಲ್ಲಿ ಡಾಲ್ಗಾರ್ನೊ ತನ್ನ ಪುಸ್ತಕ ತಂದ. ಏಳು ವರ್ಷದ ನಂತರ ಬಂದ ಹೆಬ್ಬೊತ್ತಿಗೆಯಲ್ಲಿ ಅವನ ಹೆಸರೇ ಇಲ್ಲ. ಸಮನ್ವಯದ ಮನುಷ್ಯ ಎಂದು ಹೊಗಳಿದೆನಲ್ಲ, ಈ ಒಂದು ಜಾಗದಲ್ಲಿ ಆ ಹೊಗಳಿಕೆಯನ್ನು ಹಿಂದಕ್ಕೆ ಪಡೆಯುತ್ತೇನೆ.

ಒಂಬತ್ತು ಮನೆಗಳಿಗೆ ಗಿಡ ಹೊಂದಿಸಿದವನ ಸಂಕಟ

ಕೋಷ್ಟಕ ತುಂಬುವುದು ಒಬ್ಬನ ಕೈಲಾಗುವ ಕೆಲಸವಲ್ಲ. ಹಡಗಿನ ಭಾಗಗಳ ಹೆಸರಿಗೆ ನೌಕಾಖಾತೆಯ ಅಧಿಕಾರಿ, ದಿನಚರಿಗೆ ಹೆಸರಾದ ಸ್ಯಾಮ್ಯುಯೆಲ್ ಪೀಪ್ಸ್ ನೆರವಾದ. ಪ್ರಾಣಿಗಳಿಗೆ ಫ್ರಾನ್ಸಿಸ್ ವಿಲ್ಲಬಿ. ನಿಘಂಟಿಗೆ ವಿಲಿಯಂ ಲಾಯ್ಡ್. ಗಿಡಮರಗಳನ್ನು ವಹಿಸಿದ್ದು ಜಾನ್ ರೇಗೆ.

ಈ ಪ್ರಕರಣದ ಗಂಟು ಇರುವುದು ರೇಯ ಮೇಜಿನ ಮೇಲೆ. ಅವನು ಕಮ್ಮಾರನ ಮಗ, ಕೇಂಬ್ರಿಜಿನ ಸುತ್ತಮುತ್ತ ನಡೆದು ನಡೆದು ಅಲ್ಲಿನ ಗಿಡಗಳ ಪಟ್ಟಿ ಮಾಡಿ 1660ರಲ್ಲಿ ಪ್ರಕಟಿಸಿದವನು. ಎಲೆ, ಹೂ, ಬೀಜ, ಬೇರು ಎಲ್ಲವನ್ನೂ ಒಟ್ಟಿಗೆ ನೋಡಿ ನೆಂಟಸ್ತಿಕೆ ಹುಡುಕುವುದು ಅವನ ಪದ್ಧತಿ. ವಿಲ್ಕಿನ್ಸ್ ಕೈಗಿಟ್ಟ ಖಾಲಿ ಕೋಷ್ಟಕವೋ, ಬೇರೆಯೇ ಶಿಸ್ತಿನದು. ಮರ, ಪೊದೆ ಬಿಟ್ಟು ಉಳಿದ ಗಿಡಗಳನ್ನೆಲ್ಲ ಮೂರು ದಂಡುಗಳಾಗಿ ಒಡೆಯಬೇಕು: ಎಲೆಯಿಂದ ಗುರುತಿಸುವವು, ಹೂವಿನಿಂದ ಗುರುತಿಸುವವು, ಬೀಜಕೋಶದಿಂದ ಗುರುತಿಸುವವು. ಪ್ರತಿ ದಂಡಿಗೆ ಒಂಬತ್ತೇ ಭೇದ. ಪ್ರತಿ ಭೇದದಲ್ಲಿ ಗಿಡಗಳ ಎಣಿಕೆ ಒಂದು ಮಿತಿ ದಾಟಬಾರದು. ಸಾಲದ್ದಕ್ಕೆ ಗಿಡಗಳು ಜೋಡಿ ಜೋಡಿಯಾಗಿ ಕೂರಬೇಕು.

ಒಂಬತ್ತೇ ಏಕೆ? ಬೆಟ್ಟ ಹತ್ತಿ ಗಿಡ ಕಿತ್ತು ನೋಡಿದವರು ಯಾರೂ ಒಂಬತ್ತು ಎಂದಿರಲಿಲ್ಲ. ಭೇದ ಹೇಳಲು ಆರಿಸಿದ ವ್ಯಂಜನಗಳು ಒಂಬತ್ತು, ಅಷ್ಟೆ. ಭಾಷೆ ಲೋಕವನ್ನು ಹಿಂಬಾಲಿಸಬೇಕು ಎಂದು ಹೊರಟ ಯೋಜನೆಯಲ್ಲಿ ಲೋಕವೇ ಅಕ್ಷರಮಾಲೆಯ ಹಿಂದೆ ಓಡುವಂತಾಯಿತು.

ರೇ ತುಂಬಿಕೊಟ್ಟ. ಸ್ನೇಹಕ್ಕೆ, ಗೌರವಕ್ಕೆ. ಪುಸ್ತಕ ಹೊರಬಂದ ಮರುವರ್ಷವೇ ಸಸ್ಯಶಾಸ್ತ್ರಿ ರಾಬರ್ಟ್ ಮಾರಿಸನ್ ಆ ಕೋಷ್ಟಕಗಳನ್ನು ಬಹಿರಂಗವಾಗಿ ಜಾಲಾಡಿದ. ಆಗ ರೇ ತನ್ನ ಗೆಳೆಯ ಮಾರ್ಟಿನ್ ಲಿಸ್ಟರ್‌ಗೆ ಬರೆದ ಕಾಗದದಲ್ಲಿ ಬಚ್ಚಿಟ್ಟದ್ದು ಏನೂ ಇಲ್ಲ: ನಿಸರ್ಗ ತೋರಿದ ದಾರಿಯಲ್ಲಿ ಹೋಗಲು ತನಗೆ ಬಿಡಲಿಲ್ಲ, ಲೇಖಕ ಹಾಕಿಕೊಟ್ಟ ಪದ್ಧತಿಗೆ ಗಿಡಗಳನ್ನು ಒಗ್ಗಿಸಬೇಕಾಯಿತು, ಇಂಥ ವಿಧಾನದಿಂದ ನಗೆಪಾಟಲಾಗುವಂಥದ್ದಲ್ಲದೆ ಇನ್ನೇನು ಹುಟ್ಟೀತು ಎಂಬ ಧಾಟಿಯಲ್ಲಿ ಒಪ್ಪಿಕೊಂಡ. ಒಪ್ಪಿಕೊಂಡು ಸುಮ್ಮನಾಗಲಿಲ್ಲ. 1686ರಿಂದ 1704ರವರೆಗೆ ಮೂರು ಸಂಪುಟಗಳಲ್ಲಿ ಬಂದ ಅವನ ಸಸ್ಯಚರಿತ್ರೆಯಲ್ಲಿ, ಒಂದೇ ಗಿಡದ ಬೀಜದಿಂದ ಹುಟ್ಟಿದವುಗಳ ನಡುವೆ ಎಷ್ಟೇ ವ್ಯತ್ಯಾಸ ಕಂಡರೂ ಅವು ಒಂದೇ ಪ್ರಭೇದ ಎಂಬ ನಿಲುವಿಗೆ ಬಂದ. ಜೀವವಿಜ್ಞಾನದಲ್ಲಿ ಪ್ರಭೇದ ಎಂಬ ಮಾತಿಗೆ ಖಚಿತ ಅರ್ಥ ಕೊಡುವ ಮೊದಲ ಪ್ರಯತ್ನಗಳಲ್ಲೊಂದು ಅದು. ಒಂಬತ್ತು ಮನೆಗಳ ಸೆರೆ ಕಂಡಿರದಿದ್ದರೆ ಅವನು ಅಲ್ಲಿಗೆ ಅಷ್ಟು ಹಟದಿಂದ ಹೋಗುತ್ತಿದ್ದನೇ ಎಂಬ ಅನುಮಾನ ನನ್ನದು.

ಪ್ರಾಣಿಗಳ ಕೋಷ್ಟಕದ ಹಿಂದೆ ಇನ್ನೊಂದು ಉದ್ದೇಶವಿತ್ತು. ಲೋಕದ ಪ್ರಾಣಿಗಳೆಲ್ಲ ಬೈಬಲಿನ ಪ್ರಳಯದ ಕತೆಯ ನೋಹನ ಹಡಗಿನಲ್ಲಿ ಹಿಡಿಯಲು ಸಾಧ್ಯವೇ ಇಲ್ಲ ಎಂದು ಆಡಿಕೊಳ್ಳುವವರ ಬಾಯಿ ಮುಚ್ಚಿಸಬೇಕಿತ್ತು. ವಿಲ್ಕಿನ್ಸ್ ಪ್ರಾಣಿಗಳನ್ನು ಎಣಿಸಿ, ಹಡಗಿನ ಉದ್ದಗಲ ಹಿಡಿದು, ನಕ್ಷೆ ಬರೆದು ಲೆಕ್ಕ ಕೊಟ್ಟ. ಮಾಂಸ ತಿನ್ನುವ ಮೃಗಗಳಿಗೆ ದಿನಕ್ಕೆ ಐದರಂತೆ ವರ್ಷಕ್ಕೆ 1825 ಕುರಿಗಳು ಎಂಬ ಬಾಬ್ತೂ ಅದರಲ್ಲಿದೆ. ನಗು ಬರುತ್ತದೆ, ನಿಜ. ಆದರೆ ಶ್ರದ್ಧೆಯ ವಿಷಯವನ್ನೂ ಎಣಿಸಿ ಅಳೆದು ನೋಡೋಣ ಎನ್ನುವುದು ಆ ಕಾಲದ ಹೊಸ ಬುದ್ಧಿಯೇ.

ತಿಮಿಂಗಿಲ, ಚಿಕ್ಕಪ್ಪ, ಗಾದೆ

ಈಗ ಕೋಷ್ಟಕದ ಕೆಲವು ಮನೆಗಳ ಬಾಗಿಲು ತೆರೆದು ನೋಡೋಣ.

ಕಲ್ಲುಗಳ ಕುಲ. ಅದರ ಭೇದಗಳು: ಬೆಲೆಯಿಲ್ಲದ ಕಲ್ಲು, ನಡುಬೆಲೆಯ ಕಲ್ಲು, ಬೆಲೆಬಾಳುವ ಕಲ್ಲು. ಅಂದರೆ ಪ್ರಕೃತಿಯ ವಿಂಗಡಣೆಯೊಳಗೆ ಅಕ್ಕಸಾಲಿಗನ ತಕ್ಕಡಿ ಬಂದು ಕೂತಿದೆ. ಬೇಕನ್ ಹೊರಗಟ್ಟಬೇಕೆಂದಿದ್ದ ಸಂತೆ ಹಿಂಬಾಗಿಲಿನಿಂದ ಒಳಬಂತು.

ನೆಂಟರ ಕುಲ. ತಂದೆಗೆ ‘ಕೋಬಾ’: ‘ಕೋ’ ಮನೆಯ ಸಂಬಂಧ, ‘ಬ್’ ರಕ್ತಸಂಬಂಧ, ಕೊನೆಯ ಸ್ವರ ನೇರ ಮೇಲಿನ ತಲೆಮಾರು. ಕ್ರೈಸ್ತರ ಮುಖ್ಯ ಪ್ರಾರ್ಥನೆಯನ್ನು ಅವನು ಈ ಭಾಷೆಗೆ ಇಳಿಸಿದಾಗ ಪರಲೋಕದ ತಂದೆಯನ್ನು ಕರೆದದ್ದೂ ಇದೇ ಪದದಿಂದ. ಸರಿ, ಆದರೆ ಅಪ್ಪನ ತಮ್ಮ, ಅಪ್ಪನ ಅಣ್ಣ, ಅಮ್ಮನ ತಮ್ಮ? ಇಂಗ್ಲಿಷಿನವನಿಗೆ ಮೂವರೂ ಒಬ್ಬನೇ, ಹಾಗಾಗಿ ಕೋಷ್ಟಕದಲ್ಲೂ ಅವರಿಗೆ ಒಂದೇ ಮನೆ. ಚಿಕ್ಕಪ್ಪ, ದೊಡ್ಡಪ್ಪ, ಸೋದರಮಾವರನ್ನು ಒಂದೇ ಚಾಪೆಯ ಮೇಲೆ ಕೂರಿಸಿ ‘ಇದು ಸಕಲ ಮನುಷ್ಯರಿಗೂ ಸಲ್ಲುವ ವಿಂಗಡಣೆ’ ಎಂದರೆ, ಸೋದರಮಾವನ ಮಗಳನ್ನು ತರಬಹುದಾದ, ಚಿಕ್ಕಪ್ಪನ ಮಗಳನ್ನು ತಂಗಿ ಎನ್ನುವ ನಮ್ಮ ಮನೆಗಳಲ್ಲಿ ಮದುವೆಯ ಮಾತುಕತೆ ನಡೆದ ಹಾಗೆಯೇ. ಲೋಕದ ನಕ್ಷೆ ಎಂದುಕೊಂಡು ಅವನು ಬರೆದದ್ದರಲ್ಲಿ ಬಹಳಷ್ಟು ಇಂಗ್ಲಿಷ್ ನಿಘಂಟಿನ ನಕ್ಷೆ.

ಮೀನಿನ ಕುಲ. ತಿಮಿಂಗಿಲ ಇರುವುದು ಇಲ್ಲಿ, ಮರಿ ಹಾಕುವ ಉದ್ದನೆಯ ಮೀನಾಗಿ. ಆ ಕಾಲಕ್ಕೆ ಅದೇನು ದೊಡ್ಡ ತಪ್ಪಲ್ಲ. 1758ರಲ್ಲಿ ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ ತಿಮಿಂಗಿಲವನ್ನು ಸ್ತನಿಗಳ ಸಾಲಿಗೆ ಸೇರಿಸಿದ. ನಮ್ಮ ಪದವನ್ನೇ ನೋಡಿ: ತಿಮಿ ಎಂಬ ದೊಡ್ಡ ಮೀನನ್ನು ನುಂಗುವಂಥದ್ದು ತಿಮಿಂಗಿಲ. ಹೆಸರಿನೊಳಗೆ ಒಂದು ಕಟ್ಟುಕತೆಯೇ ಇದೆ. ಆದರೂ ವಿಜ್ಞಾನ ಬದಲಾದಾಗ ಪದಕ್ಕೆ ಕೂದಲೂ ಕೊಂಕಲಿಲ್ಲ. ಶಾಲೆಯ ಮೇಷ್ಟ್ರು ‘ತಿಮಿಂಗಿಲ ಮೀನಲ್ಲ’ ಎಂದು ಹೇಳಿ ಮುಂದೆ ಹೋಗಬಹುದು. ವಿಲ್ಕಿನ್ಸ್‌ನ ಭಾಷೆಯಲ್ಲಿ ಆ ವಾಕ್ಯ ಬಾಯಿಗೇ ಬರುವುದಿಲ್ಲ. ಮೀನು ಎಂಬುದು ಪದದ ಮೊದಲ ಅಕ್ಷರದಲ್ಲೇ ಇದೆ, ಹಾಗಾಗಿ ‘ಈ ಮೀನು ಮೀನಲ್ಲ’ ಎಂದಂತಾಗುತ್ತದೆ. ‘ದೆಬಾ’ ಪಾಡೂ ಅದೇ. ಬೆಂಕಿ ಧಾತುವಲ್ಲ, ಉರಿಯುವುದು ಗಾಳಿಯ ಒಂದು ಅಂಶದ ಜೊತೆ ಕೂಡುವ ಕ್ರಿಯೆ ಎಂದು ಫ್ರೆಂಚ್ ರಸಾಯನಶಾಸ್ತ್ರಿ ಲವಾಸಿಯೆ ತೋರಿಸಿದ ದಿನ ಜ್ವಾಲೆಯ ಹೆಸರನ್ನೇ ಕಿತ್ತುಹಾಕಬೇಕಿತ್ತು, ಅದರ ಜೊತೆ ಕಿಡಿಯ ಹೆಸರನ್ನೂ. ಬೇರೆ ಭಾಷೆಗಳಲ್ಲಿ ಹೊಸ ಸಂಶೋಧನೆ ಹಳೆಯ ವಾಕ್ಯಗಳನ್ನು ಸುಳ್ಳು ಮಾಡುತ್ತದೆ. ಇಲ್ಲಿ ಪದಗಳನ್ನೇ ಸುಳ್ಳು ಮಾಡುತ್ತದೆ. ವಿಚಾರಣೆ ಮುಗಿಯುವ ಮೊದಲೇ ತೀರ್ಪನ್ನು ಆರೋಪಿಯ ಹೆಸರಿನಲ್ಲೇ ಬರೆದಿಟ್ಟ ಹಾಗೆ.

ಇನ್ನೊಂದು ತೊಂದರೆ ಅಚ್ಚಿನ ಮನೆಯದು. ಎಲೆಯಿಂದ ಗುರುತಿಸುವ ಗಿಡಗಳ ಕುಲದಲ್ಲಿ ಟುಲಿಪ್ ಹೂವಿನ ಗಿಡ ‘ಗಾಪೆ’, ಬಾರ್ಲಿ ‘ಗಾದೆ’. ಹೌದು, ಗಾದೆಯೇ. ಎರಡಕ್ಕೂ ಇರುವ ಅಂತರ ಒಂದು ವ್ಯಂಜನ. ತನ್ನ ಪುಸ್ತಕದ ಒಂದು ಜಾಗದಲ್ಲಿ ಟುಲಿಪ್ ಎನ್ನಲು ಹೋಗಿ ಸ್ವತಃ ವಿಲ್ಕಿನ್ಸೇ ‘ಗಾದೆ’ ಎಂದು ಬರೆದಿದ್ದಾನೆ. ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಎನ್ನುವ ನಮ್ಮ ಕಿವಿಗೆ ಇದರ ರುಚಿಯೇ ಬೇರೆ. ಆದರೆ ತಮಾಷೆ ಬಿಟ್ಟು ನೋಡಿದರೆ ದೋಷ ಆಳದ್ದು. ರೂಢಿಯ ಭಾಷೆಯಲ್ಲಿ ಹತ್ತಿರದ ವಸ್ತುಗಳಿಗೆ ದೂರದ ಹೆಸರಿರುತ್ತವೆ: ರಾಗಿ, ಜೋಳ, ನವಣೆ, ಸಜ್ಜೆ. ಒಂದಕ್ಷರ ತಪ್ಪಿದರೂ ಕೇಳುವವನು ಸರಿಪಡಿಸಿಕೊಳ್ಳುತ್ತಾನೆ. ತಾತ್ವಿಕ ಭಾಷೆಯಲ್ಲಿ ಹತ್ತಿರದ ವಸ್ತುಗಳಿಗೆಲ್ಲ ಒಂದೇ ಥರದ ಹೆಸರು. ಒಂದಕ್ಷರ ಜಾರಿದರೆ ಹೂತೋಟದ ಬದಲು ಹೊಲಕ್ಕೆ ಹೋಗಿ ನಿಲ್ಲುತ್ತೀರಿ, ತಪ್ಪಾಗಿದೆ ಎಂಬುದೂ ತಿಳಿಯುವುದಿಲ್ಲ. ಭಾಷೆ ಕಟ್ಟಿದವನೇ ಎಡವಿದ ಮೇಲೆ ಕಲಿಯುವವನ ಗತಿ ಹೇಳಬೇಕೇ.

ಆಮೇಲೆ

ವಿಲ್ಕಿನ್ಸ್ 1672ರಲ್ಲಿ ತೀರಿಕೊಂಡ. ಈ ಕೆಲಸ ಪೂರ್ತಿಯಾಗಲಿಲ್ಲವಲ್ಲ ಎಂಬುದೇ ಸಾಯುವಾಗ ಅವನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿತು ಎಂದು ಗೆಳೆಯ, ಜೀವನಚರಿತ್ರೆಕಾರ ಜಾನ್ ಆಬ್ರಿ ಬರೆದಿಟ್ಟಿದ್ದಾನೆ. ಗೆಳೆಯರು ಕೈಬಿಡಲಿಲ್ಲ. ಕೋಷ್ಟಕಗಳನ್ನು ತಿದ್ದಲು ಆಬ್ರಿ, ರಾಬರ್ಟ್ ಹುಕ್, ಫ್ರಾನ್ಸಿಸ್ ಲಾಡ್ವಿಕ್ ಮೊದಲಾದವರು ವರ್ಷಗಟ್ಟಲೆ ಕಾಗದ ಬರೆದುಕೊಂಡರು, ಕೂತು ಮಾತಾಡಿದರು. ಒಬ್ಬರ ವಿಂಗಡಣೆ ಇನ್ನೊಬ್ಬರಿಗೆ ಒಪ್ಪಿಗೆಯಾಗಲಿಲ್ಲ. ಹುಕ್ ಮಾತ್ರ 1676ರಲ್ಲಿ ತನ್ನ ಕಿಸೆ ಗಡಿಯಾರದ ಸ್ಪ್ರಿಂಗಿನ ವಿವರಣೆಯನ್ನು ಈ ವಸ್ತುಲಿಪಿಯಲ್ಲೇ ಅಚ್ಚು ಹಾಕಿಸಿದ. ಎಲ್ಲರಿಗೂ ತಿಳಿಯಲೆಂದು ಹುಟ್ಟಿದ ಲಿಪಿ, ಬೆರಳೆಣಿಕೆಯ ಜನರಿಗೆ ಮಾತ್ರ ಓದಲು ಬರುವ ಬರಹಕ್ಕೆ ಬಳಕೆಯಾಯಿತು.

ಫ್ರೆಂಚ್ ತತ್ವಜ್ಞಾನಿ ಡೇಕಾರ್ಟ್ ಇದನ್ನೆಲ್ಲ 1629ರಲ್ಲೇ ಊಹಿಸಿದ್ದ. ಇಂಥದೊಂದು ಯೋಜನೆಯ ಸುದ್ದಿ ತಿಳಿಸಿದ ಗೆಳೆಯ, ವಿದ್ವಾಂಸ ಮೆರ್ಸೆನ್‌ಗೆ ಅವನು ಬರೆದ ಉತ್ತರದ ಸಾರ ಇದು: ಇಂಥ ಭಾಷೆ ಸಾಧ್ಯ, ಆದರೆ ಅದಕ್ಕೆ ಮೊದಲು ನಿಜವಾದ ತತ್ವಶಾಸ್ತ್ರ ಸಿದ್ಧವಾಗಬೇಕು, ಅದು ಸಿದ್ಧವಾಗಲು ಭೂಮಿಯೇ ಸ್ವರ್ಗವಾಗಬೇಕು. ಜ್ಞಾನ ಸರಿಪಡಿಸಲು ಭಾಷೆ, ಭಾಷೆ ಸರಿಪಡಿಸಲು ಜ್ಞಾನ. ಹುಚ್ಚು ಬಿಡದ ಹೊರತು ಮದುವೆಯಾಗದು, ಮದುವೆಯಾಗದ ಹೊರತು ಹುಚ್ಚು ಬಿಡದು ಎಂಬ ನಮ್ಮ ಮಾತನ್ನು ಅವನು ಕೇಳಿರಲಿಕ್ಕಿಲ್ಲ.

ಜರ್ಮನ್ ತತ್ವಜ್ಞಾನಿ ಲೈಬ್ನಿಟ್ಸ್‌ಗೆ ಅತೃಪ್ತಿ ಬೇರೆ ದಿಕ್ಕಿನದು. ಡಾಲ್ಗಾರ್ನೊ, ವಿಲ್ಕಿನ್ಸ್ ಇಬ್ಬರೂ ಮಾತಾಡುವ ಭಾಷೆ ಕಟ್ಟಿದರು, ಯೋಚಿಸುವ ಭಾಷೆ ಕಟ್ಟಲಿಲ್ಲ ಎಂಬುದು ಅವನ ಆಕ್ಷೇಪ. 1679ರಲ್ಲಿ ಅವನು ಸರಳ ಕಲ್ಪನೆಗಳಿಗೆ ಅಂಕಿ ಹಚ್ಚಿ ನೋಡಿದ: ಪ್ರಾಣಿಗೆ 2, ವಿವೇಕಕ್ಕೆ 3, ಹಾಗಾಗಿ ಮನುಷ್ಯನಿಗೆ 6. ಹೀಗಾದರೆ ವಾದ ಬಂದಾಗ ಜಗಳವಾಡದೆ ‘ಲೆಕ್ಕ ಹಾಕೋಣ’ ಎಂದು ಕೂರಬಹುದು. ಆ ಸರಳ ಕಲ್ಪನೆಗಳ ಪೂರ್ತಿ ಪಟ್ಟಿ ಅವನಿಗೂ ಸಿಗಲಿಲ್ಲ.

ನನ್ನ ಲೆಕ್ಕದಲ್ಲಿ ಪ್ರಕರಣಕ್ಕೆ ಸರಿಯಾದ ಉತ್ತರ ಕೊಟ್ಟವನು ಇಂಗ್ಲಿಷ್ ತತ್ವಜ್ಞಾನಿ ಜಾನ್ ಲಾಕ್. 1690ರ ತನ್ನ ದೊಡ್ಡ ಗ್ರಂಥದ ಮೂರನೆಯ ಭಾಗವನ್ನು ಅವನು ಪೂರ್ತಿ ಪದಗಳಿಗೇ ಮೀಸಲಿಟ್ಟ. ಬೇಕನ್ ಹೇಳಿದ ರೋಗವನ್ನು ಅವನೂ ಒಪ್ಪುತ್ತಾನೆ. ಆದರೆ ವಸ್ತುಗಳ ಜಾತಿಗಳ ಗಡಿ ಎಳೆಯುವುದು ನಮ್ಮ ಬುದ್ಧಿ, ಒಳಗಿನ ನಿಜ ರಚನೆ ನಮಗೆ ತಿಳಿದಿಲ್ಲ ಎನ್ನುತ್ತಾನೆ. ಚಿನ್ನ ಎಂದರೆ ಹಳದಿ, ತೂಕ, ಕರಗುವ ಗುಣ ಇತ್ಯಾದಿಗಳಿಗೆ ನಾವು ಕಟ್ಟಿದ ಒಂದು ಗಂಟು. ಅಕ್ಕಸಾಲಿಗ ಒಂದು ಗುಣ ಸೇರಿಸಿಯಾನು, ಮಗು ಹಳದಿ ಒಂದನ್ನೇ ಹಿಡಿದೀತು. ಆದ್ದರಿಂದ ಹೊಸ ಭಾಷೆ ಬೇಡ. ಯಾವ ಪದವನ್ನು ಯಾವ ಅರ್ಥದಲ್ಲಿ ಬಳಸುತ್ತಿದ್ದೇನೆ ಎಂದು ಹೇಳಿ ಬಳಸಿದರೆ ಸಾಕು. ಗಿಡ, ಪ್ರಾಣಿಗಳಂಥವಕ್ಕೆ ನಿಘಂಟಿನಲ್ಲಿ ಒಂದು ಪುಟ್ಟ ಚಿತ್ರ ಹಾಕಿ ಎಂಬ ಸಲಹೆಯನ್ನೂ ಕೊಡುತ್ತಾನೆ. ನಲವತ್ತು ಕುಲಗಳ ಅರಮನೆಯ ಮುಂದೆ ಇದು ಬಡಗುಡಿಸಲಿನಂತೆ ಕಾಣುತ್ತದೆ. ಆದರೆ ವಾಸಕ್ಕೆ ಬಂತು.

ಹೆಬ್ಬೊತ್ತಿಗೆಯಿಂದ ಉಳಿದದ್ದು ಏನೂ ಇಲ್ಲವೆಂದಲ್ಲ. 1852ರಲ್ಲಿ ಪೀಟರ್ ಮಾರ್ಕ್ ರೋಜೆ ಇಂಗ್ಲಿಷ್ ಪದಗಳನ್ನು ಅರ್ಥದ ಪ್ರಕಾರ ಗುಂಪು ಮಾಡಿ ಕೋಶ ತಂದಾಗ ವಿಲ್ಕಿನ್ಸ್‌ನನ್ನು ನೆನೆದ. ಅಮರಕೋಶ ಬಾಯಿಪಾಠ ಮಾಡಿದವರ ನಾಡಿನವರಿಗೆ ಪದಗಳನ್ನು ವರ್ಗಗಳಲ್ಲಿ ಜೋಡಿಸುವುದು ಹೊಸತಲ್ಲ. ಅಮರಸಿಂಹನ ಜಾಣತನ ಎಂದರೆ ವರ್ಗವನ್ನು ಅಧ್ಯಾಯದ ತಲೆಯ ಮೇಲಿಟ್ಟ, ಪದದ ಹೊಟ್ಟೆಯೊಳಗೆ ತುರುಕಲಿಲ್ಲ. ಪುಸ್ತಕದ ನಡುವೆ, ಅಳತೆಗಳ ಕೋಷ್ಟಕದ ಬಳಿ, ವಿಲ್ಕಿನ್ಸ್ ಹೋಗಹೋಗುತ್ತಾ ಇನ್ನೊಂದು ಸಲಹೆ ಕೊಟ್ಟಿದ್ದ: ಎಲ್ಲ ದೇಶಕ್ಕೂ ಸಲ್ಲುವ ಒಂದು ಉದ್ದಳತೆ, ಒಂದು ಸೆಕೆಂಡಿಗೆ ಒಮ್ಮೆ ತೂಗುವ ಲೋಲಕದಿಂದ ಪಡೆದದ್ದು, ಸುಮಾರು ಮೂವತ್ತೊಂಬತ್ತೂಕಾಲು ಇಂಚು, ಅದನ್ನು ಹತ್ತತ್ತರಂತೆ ಒಡೆಯುತ್ತಾ ಹೋಗುವುದು, ಅದರಿಂದಲೇ ಪಾತ್ರೆಯ ಅಳತೆ, ತೂಕ. ನಮ್ಮ ಮೀಟರಿಗೂ ಅದಕ್ಕೂ ಇರುವ ಅಂತರ ಅರ್ಧ ಸೆಂಟಿಮೀಟರಿಗಿಂತ ಕಡಿಮೆ. ಹೆಬ್ಬೊತ್ತಿಗೆಯಲ್ಲಿ ಅದಕ್ಕೆ ಸಿಕ್ಕ ಜಾಗ ಒಂದೆರಡು ಪುಟ.

ಮುಖ್ಯ ಯೋಜನೆಗೆ ಅಷ್ಟು ಬಾಳಿಕೆಯೂ ಸಿಗಲಿಲ್ಲ. ಇಂಗ್ಲಿಷಿನಲ್ಲಿ ಬರೆದ ಪುಸ್ತಕವನ್ನು ಯೂರೋಪಿನ ಉಳಿದ ವಿದ್ವಾಂಸರು ಓದುವುದು ಹೇಗೆ ಎಂಬ ಪ್ರಶ್ನೆ ಬಂದಾಗ ವಿಲ್ಕಿನ್ಸ್ ಮತ್ತೆ ಹೋದದ್ದು ಜಾನ್ ರೇ ಬಳಿಗೇ. ತನ್ನ ಗಿಡಗಳ ಕೋಷ್ಟಕದ ಬಗ್ಗೆ ನಾಚಿಕೊಂಡಿದ್ದ ರೇ ಈ ಸಲವೂ ಇಲ್ಲವೆನ್ನಲಿಲ್ಲ. ಲೋಕಕ್ಕೆಲ್ಲ ಒಂದೇ ಭಾಷೆ ಕೊಡಲು ಹೊರಟ ಪುಸ್ತಕವನ್ನು ಅವನು ಕೂತು ಲ್ಯಾಟಿನ್ನಿಗೆ ಅನುವಾದಿಸಿದ. ಆ ಅನುವಾದ ಅಚ್ಚಾಗಲೇ ಇಲ್ಲ.